ರಿಯಾಯಿತಿ ಮುಗಿದ ಮೇಲೆ ಬಂದ ರೈಲು

ತೆರಿಗೆ, ಸುಂಕ ಬಿಟ್ಟುಕೊಟ್ಟು ಕೈಗಾರಿಕೆಯನ್ನು ಕರೆತರುವ ಪ್ರಯೋಗ ಭಾರತದಲ್ಲಿ ಶುರುವಾದದ್ದು 1965ರಲ್ಲಿ, ಗುಜರಾತಿನ ಕಾಂಡ್ಲಾ ರಫ್ತು ಸಂಸ್ಕರಣಾ ವಲಯದಿಂದ. ಬೆಂಗಳೂರು ಹಿಡಿದ ದಾರಿ ಬೇರೆ. ಇಲ್ಲಿ ಜಾಗ ಮತ್ತು ಜನ ಮೊದಲು ಒದಗಿದರು, ರಿಯಾಯಿತಿ ಆಮೇಲೆ ಬಂತು.

1970ರ ದಶಕದ ಕೊನೆಗೆ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರು ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿದರು. ಅದಕ್ಕೆ ಬೇಕಾದ ಎಂಜಿನಿಯರುಗಳನ್ನು ಬಸವನಗುಡಿಯ ಬಿಎಂಎಸ್ (1946), ಆರ್.ವಿ. (1963), ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ (1979) ಕಾಲೇಜುಗಳು ತಯಾರು ಮಾಡುತ್ತಿದ್ದವು.

ಎರಡನೇ ಘಟ್ಟ 1991ರದು. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆ ರಫ್ತು ಕಂಪನಿಗಳಿಗೆ ಉಪಗ್ರಹ ಸಂಪರ್ಕದ ಜೊತೆಗೆ ತೆರಿಗೆ ವಿನಾಯಿತಿಯನ್ನೂ ಕೊಟ್ಟಿತು. 1994ರಲ್ಲಿ ಇನ್ಫೋಸಿಸ್ ಎಲೆಕ್ಟ್ರಾನಿಕ್ಸ್ ಸಿಟಿಗೆ ಬಂತು.

ಮೂರನೆಯದು ವಿಶೇಷ ಆರ್ಥಿಕ ವಲಯಗಳ ಕಾಲ. 2005ರ ಕಾಯ್ದೆ 2006ರ ಫೆಬ್ರವರಿಯಲ್ಲಿ ಜಾರಿಯಾಯಿತು. ಸುಂಕದ ಲೆಕ್ಕದಲ್ಲಿ ವಲಯವೆಂದರೆ ಪರದೇಶ. ಹೊರದೇಶದ ಯಂತ್ರ ಒಳಬಂದರೆ ಸುಂಕವಿಲ್ಲ, ಅದೇ ಯಂತ್ರ ಗೇಟು ದಾಟಿ ನಗರಕ್ಕೆ ಬಂದರೆ ಸುಂಕ ಕಟ್ಟಬೇಕು. ರಫ್ತಿನ ಲಾಭಕ್ಕೆ ಮೊದಲ ಐದು ವರ್ಷ ಪೂರ್ತಿ, ನಂತರದ ಐದು ವರ್ಷ ಅರ್ಧದಷ್ಟು ವಿನಾಯಿತಿ. 2011ರಲ್ಲಿ ಸಾಫ್ಟ್‌ವೇರ್ ಪಾರ್ಕುಗಳ ವಿನಾಯಿತಿ ನಿಂತಾಗ ಕಂಪನಿಗಳ ಹೊಸ ಕೆಲಸ ವಲಯದ ಕಟ್ಟಡಗಳತ್ತ ಹೊರಳಿತು. ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್, ಬೊಮ್ಮಸಂದ್ರದ ಬಯೋಕಾನ್ ವಲಯ ಈ ಕಾಲದವು. ಹಾಸನ, ಮಂಗಳೂರಿಗೂ ವಲಯಗಳು ಬಂದವು. ಆದರೂ ರಾಜ್ಯದ ಬಹುಪಾಲು ವಲಯಗಳು ಐಟಿಯವು, ಬೆಂಗಳೂರಿನವು. ಹಿಂದುಳಿದ ಜಿಲ್ಲೆಗೆ ಉದ್ಯಮ ಒಯ್ಯುವ ಶಕ್ತಿ ರಿಯಾಯಿತಿಯೊಂದಕ್ಕೇ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವಲಯಗಳ ರಿಯಾಯಿತಿಯೂ ಕರಗುತ್ತ ಬಂತು. 2011ರ ಬಜೆಟ್, ವಿನಾಯಿತಿ ಇದ್ದವರೂ ಕಟ್ಟಬೇಕಾದ ಕನಿಷ್ಠ ಪರ್ಯಾಯ ತೆರಿಗೆಯನ್ನು ವಲಯಗಳ ಮೇಲೂ ಹಾಕಿತು. 2020ರ ನಂತರ ಶುರುವಾದ ಘಟಕಗಳಿಗೆ ಆದಾಯ ತೆರಿಗೆ ವಿನಾಯಿತಿಯೇ ಇಲ್ಲ. ಖಾಲಿ ಬಿದ್ದ ಜಾಗವನ್ನು ಮಹಡಿವಾರು ವಲಯದಿಂದ ಹೊರಗಿಟ್ಟು ಬಾಡಿಗೆಗೆ ಕೊಡಲು 2023ರ ಡಿಸೆಂಬರಿನಲ್ಲಿ ಕೇಂದ್ರ ಅವಕಾಶ ಮಾಡಿಕೊಟ್ಟಿತು.

ಎಲೆಕ್ಟ್ರಾನಿಕ್ಸ್ ಸಿಟಿಯ ಬೆಳವಣಿಗೆಯ ಭಾರ ಹೊತ್ತದ್ದು ಪಕ್ಕದ ಬಡಾವಣೆಗಳು. ಬಿಟಿಎಂ ಬಡಾವಣೆಯಲ್ಲಿ ಒಂದು ಸಂಸಾರಕ್ಕೆಂದು ಹಂಚಿದ ಮೂವತ್ತು-ನಲವತ್ತರ ಸೈಟುಗಳಲ್ಲಿ ನಾಲ್ಕೈದು ಮಹಡಿಯ ಪಿ.ಜಿ.ಗಳು ಎದ್ದವು. ಕೋಣೆಗೆ ಮೂರು ಮಂಚ, ಬೇಸಿಗೆಯಲ್ಲಿ ಬಾಗಿಲಿಗೆ ನೀರಿನ ಟ್ಯಾಂಕರ್. ಜೆ.ಪಿ. ನಗರ, ಬನಶಂಕರಿಯಿಂದ ಹೊರಟವರು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನವೂ ಸಿಕ್ಕಿಬಿದ್ದರು. ಅಲ್ಲಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ 2010ರಲ್ಲಿ ಮೇಲ್ಸೇತುವೆ ರಸ್ತೆ ಬಂತು. ಜಯನಗರ, ಬಿಟಿಎಂ, ಎಲೆಕ್ಟ್ರಾನಿಕ್ಸ್ ಸಿಟಿ ಮೂಲಕ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ 19 ಕಿ.ಮೀ. ಹಳದಿ ಮೆಟ್ರೊ ಮಾರ್ಗ ತೆರೆದದ್ದು 2025ರ ಆಗಸ್ಟ್ 10ರಂದು.

ಉದ್ಯಮಕ್ಕೆ ವಿನಾಯಿತಿ 1991ರಲ್ಲೇ ಸಿಕ್ಕಿತು, ಅದರಲ್ಲಿ ದುಡಿಯುವವರಿಗೆ ರೈಲು ಸಿಗಲು ನಾಲ್ಕು ದಶಕ ದಾಟಿತು. ತೆರಿಗೆ ವಿನಾಯಿತಿಗೆ ಕೊನೆಯ ದಿನಾಂಕವಿರುತ್ತದೆ. ರೈಲು, ನೀರು, ಕಾಲೇಜು ತಲೆಮಾರುಗಳವರೆಗೆ ಉಳಿಯುತ್ತವೆ. ರಾಜ್ಯ ಸರ್ಕಾರ ಇನ್ನು ಮುಂದೆ ಯಾವುದೇ ಕೈಗಾರಿಕಾ ವಲಯಕ್ಕೆ ಜಾಗ ಗುರುತಿಸುವಾಗ ಈ ಮೂರನ್ನು ಮೊದಲು ಖಾತ್ರಿಪಡಿಸಲಿ, ರಿಯಾಯಿತಿಯ ಮಾತು ಆಮೇಲೆ ಆಡಲಿ.