ಕೋಳಿಮರಿಯ ತೂಕ ಹೆಚ್ಚಿಸಿದ ಔಷಧಿ

ಬೆಳಗಾವಿಯವರಿಗೆ ವ್ಯಾಕ್ಸಿನ್ ಡಿಪೋ ಅಂದ್ರೆ ಬೆಳಗಿನ ವಾಕಿಂಗ್, ದೊಡ್ಡ ದೊಡ್ಡ ಮರಗಳು. ಆದ್ರೆ ಟಿಳಕವಾಡಿಯ ಆ ಜಾಗಕ್ಕೆ ಹೆಸರು ಸುಮ್ಮನೆ ಬಂದಿಲ್ಲ. ಸಿಡುಬಿನ ಲಸಿಕೆ ತಯಾರಾಗ್ತಿದ್ದ ದೇಶದ ಕೆಲವೇ ಊರುಗಳಲ್ಲಿ ಬೆಳಗಾವಿ ಒಂದು. ಪ್ರಾಣಿಗಳ ಚರ್ಮದ ಮೇಲೆ ಬೆಳೆಸಿದ ಲಸಿಕೆ ಮನುಷ್ಯರ ತೋಳಿಗೆ ಬರ್ತಿತ್ತು. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತ ಅಂತ ಘೋಷಣೆ ಆಯ್ತು. ಪ್ರಾಣಿಯ ಮೈಗೂ ಮನುಷ್ಯನ ಆರೋಗ್ಯಕ್ಕೂ ಇರೋ ನಂಟು ಈ ಊರಿಗೆ ಹೊಸದಲ್ಲ. ಅದೇ ನಂಟು ಉಲ್ಟಾ ಹೊಡೆದ ಕಥೆ ಇವತ್ತಿನದು.

ಬೆಳಗಾವಿಯಿಂದ ಖಾನಾಪುರ ತಾಲೂಕಿನ ಕಾಡು ದಾಟಿ ಗೋವಾಕ್ಕೆ ತರಕಾರಿ, ಹಾಲು ಹೋದ ಹಾಗೆ ಕೋಳಿಯೂ ಹೋಗುತ್ತೆ. ಬ್ರಾಯ್ಲರ್ ಕೋಳಿ ಆರೇ ವಾರದಲ್ಲಿ ಎರಡು ಕಿಲೋ ತೂಗೋದು ಹೇಗೆ? ಮುಖ್ಯ ಕಾರಣ ತಳಿ ಮತ್ತು ಮೇವು. ಆದ್ರೆ ಮೂರನೇದೊಂದು ಇದೆ, ಅದು ಸಿಕ್ಕಿದ್ದು ಆಕಸ್ಮಿಕವಾಗಿ.

ಅಮೆರಿಕದ ಲೆಡರ್ಲೆ ಪ್ರಯೋಗಾಲಯ. ಭೀಮಾವರದಲ್ಲಿ ಹುಟ್ಟಿದ ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ಮುಖ್ಯಸ್ಥರಾಗಿದ್ದ ಕಾಲದಲ್ಲಿ ಅಲ್ಲಿ ಆರಿಯೋಮೈಸಿನ್ ಅನ್ನೋ ಆಂಟಿಬಯೋಟಿಕ್ ಸಿದ್ಧವಾಯ್ತು. ಅದನ್ನ ತೆಗೆದ ಮೇಲೆ ಉಳಿಯೋ ಚರಟದಲ್ಲಿ ಅಗ್ಗದ ಬಿ12 ವಿಟಮಿನ್ ಸಿಗುತ್ತಾ ಅಂತ ಥಾಮಸ್ ಜೂಕ್ಸ್, ರಾಬರ್ಟ್ ಸ್ಟಾಕ್‌ಸ್ಟಡ್ ಕೋಳಿಮರಿಗಳಿಗೆ ತಿನ್ನಿಸಿ ನೋಡಿದ್ರು. ಮರಿಗಳು ಲೆಕ್ಕಕ್ಕಿಂತ ಜಾಸ್ತಿ ಬೆಳೆದವು. ಕಾರಣ ವಿಟಮಿನ್ ಒಂದೇ ಅಲ್ಲ, ಚರಟದಲ್ಲಿ ಉಳಿದಿದ್ದ ಔಷಧಿ! 1951ರಲ್ಲಿ ಅಮೆರಿಕ ಸರ್ಕಾರ ಮೇವಿಗೆ ಔಷಧಿ ಬೆರೆಸೋಕೆ ಒಪ್ಪಿಗೆ ಕೊಡ್ತು.

ಎಚ್ಚರಿಕೆ ಇರಲಿಲ್ವಾ? ಇತ್ತು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಭಾಷಣದಲ್ಲೇ ಹೇಳಿದ್ದರು: ಸಾಯುವಷ್ಟು ಕೊಡದೆ ಸ್ವಲ್ಪ ಸ್ವಲ್ಪ ಔಷಧಿ ಕೊಟ್ರೆ ರೋಗಾಣು ಅದನ್ನೇ ಅಭ್ಯಾಸ ಮಾಡಿಕೊಳ್ಳುತ್ತೆ ಅಂತ. ಮೇವಿನಲ್ಲಿ ನಡೆದಿದ್ದು ಅದೇ, ದಿನಾ ಚಿಟಿಕೆ ಚಿಟಿಕೆ.

ಸಾಕ್ಷಿ ಸಿಕ್ಕಿದ್ದು 1976ರಲ್ಲಿ. ಬಾಸ್ಟನ್ ಹತ್ತಿರದ ಒಂದು ಫಾರ್ಮ್‌ನಲ್ಲಿ ಸ್ಟುವರ್ಟ್ ಲೆವಿ ಅನ್ನೋ ವೈದ್ಯರು ಅರ್ಧ ಕೋಳಿಗಳಿಗೆ ಔಷಧಿ ಬೆರೆಸಿದ ಮೇವು, ಇನ್ನರ್ಧಕ್ಕೆ ಬರೀ ಮೇವು ಹಾಕಿಸಿದ್ರು. ಔಷಧಿ ತಿಂದ ಕೋಳಿಗಳ ಕರುಳಲ್ಲಿ ವಾರದೊಳಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ತುಂಬಿತು. ಐದಾರು ತಿಂಗಳಲ್ಲಿ ಆ ಫಾರ್ಮ್ ಮನೆಯವರ ಕರುಳಲ್ಲೂ ಅಂಥವು! ಅಕ್ಕಪಕ್ಕದ ಮನೆಯವರಲ್ಲಿ ಹಾಗಾಗಿರಲಿಲ್ಲ. ತಮಾಷೆ ಅಂದ್ರೆ, ಸಂಶೋಧನೆಗೆ ಹಣ ಕೊಟ್ಟಿದ್ದು ಪಶು ಔಷಧಿ ಕಂಪನಿಗಳ ಸಂಘವೇ.

ಇನ್ನೊಂದು ವಿಷಯ. ಮನೆಯ ನೀರಿನ ಟ್ಯಾಂಕ್ ಒಳಗೆ ಕೈಯಾಡಿಸಿದ್ರೆ ಜಾರೋ ಲೋಳೆ ಸಿಗುತ್ತಲ್ಲ, ಅದು ಬಯೋಫಿಲ್ಮ್. ಬೆಳಗಾವಿ ಕೋಟೆಗೆ ಕಂದಕ ಹೇಗೋ, ಬ್ಯಾಕ್ಟೀರಿಯಾಕ್ಕೆ ಆ ಲೋಳೆ ಹಾಗೆ. 1680ರ ದಶಕದಲ್ಲೇ ಡಚ್ ವ್ಯಾಪಾರಿ ಲೇವನ್‌ಹುಕ್ ಹಲ್ಲಿನ ಪಾಚಿ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದ: ವಿನೆಗರ್ ಹಾಕಿದ್ರೆ ಹೊರಗಿನ ಜೀವಿಗಳು ಮಾತ್ರ ಸಾಯ್ತವೆ, ಒಳಗಿನವು ಉಳಿಯುತ್ತವೆ ಅಂತ. ಕೋಳಿ ಶೆಡ್‌ನ ನೀರಿನ ಪೈಪು, ಪುಕ್ಕ ಕೀಳೋ ಯಂತ್ರ, ಅಂಗಡಿಯ ಮರದ ಕೊರಡು, ಎಲ್ಲಾ ಕಡೆ ಸಾಲ್ಮೊನೆಲ್ಲಾ, ಇ-ಕೋಲೈ ಹೀಗೇ ಅಂಟಿಕೊಳ್ಳುತ್ತವೆ. ಒಂದು ಬಕೆಟ್ ನೀರು ಸುರಿದ್ರೆ ಹೋಗಲ್ಲ, ಸೋಪು ಹಾಕಿ ಗಸಗಸ ಉಜ್ಜಬೇಕು. ಒಟ್ಟಿಗಿದ್ದಾಗ ಒಂದರ ನಿರೋಧಕ ಜೀನ್ ಇನ್ನೊಂದಕ್ಕೆ ದಾಟೋದೂ ಸುಲಭ. ಸಾರು ಕುದ್ರೆ ಅವು ಸಾಯ್ತವೆ, ನಿಜ. ಆದ್ರೆ ಅದೇ ಚಾಕುವಿನಲ್ಲಿ ಹೆಚ್ಚಿದ ಈರುಳ್ಳಿ, ಸೌತೆಕಾಯಿ ಕುದಿಯಲ್ಲ.

ಐಸಿಯುನಲ್ಲಿ ಬೇರೇನೂ ಕೆಲಸ ಮಾಡದಿದ್ದಾಗ ವೈದ್ಯರು ಕೊಡೋ ಔಷಧಿ ಕೊಲಿಸ್ಟಿನ್. ಅದನ್ನೂ ಕೋಳಿಗೆ ತಿನ್ನಿಸ್ತಿದ್ರು. 2015ರಲ್ಲಿ ಚೀನಾದ ಹಂದಿ, ಕೋಳಿ ಮಾಂಸದಲ್ಲಿ ಕೊಲಿಸ್ಟಿನ್‌ಗೆ ಬಗ್ಗದ, ಒಂದರಿಂದೊಂದಕ್ಕೆ ಹರಡೋ ಜೀನ್ ಸಿಕ್ಕಾಗ ಜಗತ್ತು ಬೆಚ್ಚಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಕೋಳಿ, ಮೀನು, ಪಶು ಮೇವಿನಲ್ಲಿ ಅದನ್ನ ನಿಷೇಧಿಸಿದ್ದು 2019ರ ಜುಲೈನಲ್ಲಿ. ನಿಮಗೆ ನೆನಪಿರಲಿಕ್ಕಿಲ್ಲ. ಆ ತಿಂಗಳು ಕರ್ನಾಟಕದ ಟಿವಿಗಳ ತುಂಬ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ.

ರೈತರನ್ನ ಬೈಯೋಕೆ ಹೊರಡಬೇಡಿ. ಗುತ್ತಿಗೆ ಪದ್ಧತಿಯಲ್ಲಿ ಮರಿ, ಮೇವು, ಔಷಧಿ ಎಲ್ಲಾ ಕಂಪನಿಯದು. ರೈತನದು ಶೆಡ್ಡು, ಕರೆಂಟು, ನಿದ್ದೆಗೆಟ್ಟ ರಾತ್ರಿ. ಅವನಿಗೆ ಸಿಗೋದು ಕಿಲೋ ಲೆಕ್ಕದ ಸಾಕಾಣಿಕೆ ಕೂಲಿ. ಮೇವಿನ ಚೀಲದಲ್ಲಿ ಏನಿದೆ ಅನ್ನೋದನ್ನ ಅವನಿಗೆ ತಿಳಿಯೋ ಕನ್ನಡದಲ್ಲಿ, ಮರಾಠಿಯಲ್ಲಿ ದೊಡ್ಡದಾಗಿ ಬರೆದು ಕಳಿಸೋಕೆ ಕಂಪನಿಗೆ ಎಷ್ಟು ಖರ್ಚಾಗುತ್ತೆ?