ದೋಣಿಗೂ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದರೆ ದೇಗುಲದ್ದೇ ಎಂದು ನಾವು ಬಗೆಯುವುದುಂಟು. ಜನರನ್ನು ದಡ ಮುಟ್ಟಿಸಿದ ಯಂತ್ರದೋಣಿಗೂ ಆ ಮಾತು ಸಲ್ಲುತ್ತದೆ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ಶರಾವತಿಯ ಹಿನ್ನೀರು ಏರಿತು, ಊರುಗಳು ಮುಳುಗಿದವು, ಸಾಗರ ಪಟ್ಟಣಕ್ಕೂ ತುಮರಿ ಸೀಮೆಗೂ ನಡುವೆ ನೀರು ನಿಂತಿತು. ನಾಡಿನ ಎಷ್ಟೋ ಮನೆಗಳ ದೀಪವನ್ನೂ ರೇಡಿಯೋವನ್ನೂ ನಡೆಸಿದ ವಿದ್ಯುತ್ತಿಗೆ ಆ ಜನ ತೆತ್ತ ಬೆಲೆ ಇದು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ರೋಗಿ, ಮದುವಣಗಿತ್ತಿ, ಬಸ್ಸು ಎಲ್ಲವನ್ನೂ ಲಾಂಚೇ ದಾಟಿಸುತ್ತಿತ್ತು. 2025ರ ಜುಲೈ 14ರಂದು ಅಲ್ಲಿ 2.44 ಕಿಲೋಮೀಟರಿನ ಸೇತುವೆ ತೆರೆಯಿತು.

ಓಡದ ದೋಣಿ ಬೇಗ ಕೆಡುತ್ತದೆ. ನೀರು ಹೊಕ್ಕ ಡೀಸೆಲ್ ಎಂಜಿನನ್ನು ಹವ್ಯಾಸಿಯೂ ಉಳಿಸಬಲ್ಲ. ಆದರೆ ಕೂಡಲೇ ಚಾಲೂ ಮಾಡಬಾರದು. ನೀರು ಗಾಳಿಯಂತೆ ಅದುಮಿದರೆ ಕುಗ್ಗದು. ಕನೆಕ್ಟಿಂಗ್ ರಾಡೇ ಬಾಗೀತು. ಮೊದಲು ಇಂಜೆಕ್ಟರ್ ಬಿಚ್ಚಿ, ಕೈಯಿಂದ ತಿರುಗಿಸಿ ನೀರನ್ನು ಹೊರಹಾಕಬೇಕು. ಬೆಳ್ಳಗಾದ ಎಣ್ಣೆಯನ್ನು ಬಸಿದು ಹೊಸದನ್ನು ತುಂಬಬೇಕು. ಡೀಸೆಲ್ ಟ್ಯಾಂಕನ್ನೂ ಶುದ್ಧಮಾಡಬೇಕು.

ನಮ್ಮ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯವು 1979ರಿಂದ ಹಳೆಯ ಎಂಜಿನುಗಳನ್ನು ಕಾಪಾಡಿಕೊಂಡು ಬಂದಿದೆ. ಹಳಿಯ ಮೇಲೆ ದುಡಿದ ಯಂತ್ರಕ್ಕೆ ಸಂದ ಗೌರವ ನೀರಿನ ಮೇಲೆ ದುಡಿದದ್ದಕ್ಕೂ ಸಲ್ಲಲಿ. ಸೇತುವೆಯ ಮೇಲೆ ಹಾಯುವ ಮಕ್ಕಳಿಗೆ ಅವರ ಹಿರಿಯರು ಹೊಳೆ ದಾಟಿದ ಬಗೆ ಕಣ್ಣಿಗೆ ಕಾಣಬೇಕು.