ಹುಣಸೆ ಪಾನಕ

‘ಮಾನಸೋಲ್ಲಾಸ’ದ ಕರ್ತೃ ಯಾರು? ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಒಂದು ಅಂಕ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಸುಮಾರು 1130ರ ಆ ಸಂಸ್ಕೃತ ಗ್ರಂಥದಲ್ಲಿ ರಾಜನೀತಿಯ ಜೊತೆಗೆ ದೊಡ್ಡದೊಂದು ಅಡುಗೆಮನೆಯೂ ಇದೆ. ಊಟಕ್ಕೆ ಅನ್ನಭೋಗ, ಕುಡಿಯುವುದಕ್ಕೆ ಪಾನೀಯಭೋಗ. ಯಾವ ಋತುವಿನಲ್ಲಿ ಎಲ್ಲಿಯ ನೀರು ಒಳ್ಳೆಯದು, ಅದಕ್ಕೆ ಹೂವಿನ ಪರಿಮಳ ಹಿಡಿಸುವುದು ಹೇಗೆ ಎಂಬುದನ್ನೂ ದೊರೆ ಬರೆದಿಟ್ಟಿದ್ದಾನೆ. ಅಷ್ಟು ಪುರಸೊತ್ತು ಹೇಗೆ ಸಿಕ್ಕಿತೋ!

ಇಟಗಿಯ ಮಹಾದೇವ ದೇವಾಲಯ ನೋಡಲು ಹೋದಾಗ ಈ ದೊರೆಯ ನೆನಪಾಯಿತು. ಅವನ ತಂದೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿಂದ ಗೊಂಬೆ ನೋಡುವ ಆಸೆಗೆ ಕಿನ್ನಾಳಕ್ಕೆ ಬಂದೆವು. ಏಪ್ರಿಲ್ ಬಿಸಿಲು. ಚಿತ್ರಗಾರರ ಮನೆಯೊಂದರ ಕಟ್ಟೆ ಹತ್ತುವಷ್ಟರಲ್ಲಿ ನಾಲಿಗೆ ಒಣಗಿತ್ತು. “ಬಿಸಿಲಾಗ ಬಂದೀರಿ ಅಕ್ಕಾರ, ಚಹಾ ಬ್ಯಾಡ, ಕುಂದರ್ರಿ” ಎಂದು ಮನೆಯಾಕೆ ತಂಬಿಗೆಯಲ್ಲಿ ತಂದದ್ದು ಹುಣಸೆ ಪಾನಕ. ಕಿವುಚಿದ ಹುಳಿ, ಬೆಲ್ಲ, ಹುರಿದ ಜೀರಿಗೆಪುಡಿ, ಒಣಶುಂಠಿ, ಚಿಟಿಕೆ ಉಪ್ಪು, ಗಡಿಗೆಯ ತಣ್ಣೀರು. ಮೊದಲು ಹುಳಿ, ಹಿಂದೆಯೇ ಬೆಲ್ಲ, ಕೊನೆಗೆ ಗಂಟಲಲ್ಲಿ ಶುಂಠಿಯ ಖಾರ. ಬಾಟಲಿಯ ಬಣ್ಣದ ಪಾನೀಯಗಳು ಇದರ ಮುಂದೆ ಬರೀ ಸಕ್ಕರೆ ನೀರು.

ಪಾನಕ ಅರಮನೆಯ ಸೊತ್ತಾಗಿ ಉಳಿಯಲಿಲ್ಲ. 16ನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಅದನ್ನು ಕನ್ನಡ ಷಟ್ಪದಿಗೇ ಇಳಿಸಿದ. ಇನ್ನು ಹುಣಸೆಯ ತವರು ಆಫ್ರಿಕ. ಅರಬರು ಮಾತ್ರ ಅದನ್ನು ‘ತಮರ್ ಹಿಂದಿ’, ಅಂದರೆ ಹಿಂದೂಸ್ತಾನದ ಖರ್ಜೂರ ಎಂದು ಕರೆದರು. ಸೊಸೆ ತವರಿನ ಹೆಸರು ಕಳೆದುಕೊಂಡು ಅತ್ತೆಮನೆಯ ಹೆಸರಿನಿಂದ ಗುರುತಾದ ಹಾಗೆ!

ಹಣ್ಣಿನಿಂದ ಬಿಡಿಸಿದ ಬೀಜಗಳನ್ನು ಆಕೆ ಚೆಲ್ಲಿರಲಿಲ್ಲ. ತೊಳೆದು ಮೊರದಲ್ಲಿ ಒಣಹಾಕಿದ್ದರು. ಕಿನ್ನಾಳದ ಗೊಂಬೆ ಹಗುರ ಮರದ್ದು. ಅದರ ತುಂಡುಗಳನ್ನು ಕೂಡಿಸುವುದು ಹುಣಸೆಬೀಜದ ಅಂಟು. ಗೋಣಿನಾರಿನ ಪುಡಿ, ಮರದ ಹೊಟ್ಟಿಗೆ ಅದೇ ಅಂಟು ಕಲಸಿದರೆ ‘ಕಿಟ್ಟ’. ಬಣ್ಣ ಬೀಳುವುದು ಆಮೇಲೆ. ವಿಜಯನಗರ ಕಾಲದಿಂದ ಬಂದ ಕೈಚಳಕವೆಂದು ನಾವು ಹೊಗಳುವುದು ಆ ಬಣ್ಣವನ್ನು. ಬೀಜ ನೆನೆಸಿ, ಸಿಪ್ಪೆ ತೆಗೆದು, ಅರೆಯುವ ಕೈ ಯಾರದು? ಆ ಮನೆಯಲ್ಲಂತೂ ಪಾನಕ ಕದಡಿದ ಕೈಯೇ. ಸೋಮೇಶ್ವರನಿಗೆ ಪಾನಕ ಸೋಸಿ ಕೊಟ್ಟವರನ್ನೂ ಯಾವ ಪಠ್ಯಪುಸ್ತಕವೂ ಹೆಸರಿಸುವುದಿಲ್ಲ.

ಅಳತೆ ಬರೆದುಕೊಳ್ಳಲು ಪೆನ್ನು ತೆಗೆದು, ಬೆಲ್ಲ ಎಷ್ಟು ಎಂದು ಕೇಳಿದೆ.

“ಹುಳಿ ಬೇಡಿದಷ್ಟು, ಅಕ್ಕಾರ.”

ಹಾಗೆಯೇ ಬರೆದುಕೊಂಡೆ.